ಬೆಲೆ ಹಾಗೇ ಇದೆ, ಗ್ರಾಂ ಎಲ್ಲಿ ಹೋಯಿತು?

2023ರ ಮಾರ್ಚ್‌ನಲ್ಲಿ ನಂದಿನಿ ಕೆನೆಭರಿತ ಹಾಲಿನ ಬೆಲೆ ಏರಲಿಲ್ಲ. ದೊಡ್ಡ ಪ್ಯಾಕೆಟ್‌ಗೆ 50 ರೂಪಾಯಿ, ಚಿಕ್ಕದಕ್ಕೆ 24 ರೂಪಾಯಿ, ಮೊದಲು ಎಷ್ಟಿತ್ತೋ ಅಷ್ಟೇ. ಕಡಿಮೆಯಾದದ್ದು ಹಾಲು. ಒಂದು ಲೀಟರ್ ಇದ್ದ ಪ್ಯಾಕೆಟ್ 900 ಮಿಲಿಗೆ ಇಳಿಯಿತು, ಅರ್ಧ ಲೀಟರಿನದು 450 ಮಿಲಿಗೆ. ಪತ್ರಿಕೆಗಳು ಬರೆದವು, ವಿರೋಧ ಪಕ್ಷದವರು ಮಾತಾಡಿದರು, ಹಾಲು ಕೊಳ್ಳುವವರಿಗೆಲ್ಲ ವಿಷಯ ಗೊತ್ತಾಯಿತು.

ಹಾಲಿನ ವಿಷಯದಲ್ಲಿ ಹೀಗೆ ಗದ್ದಲವಾಗುತ್ತದೆ. ಬಿಸ್ಕತ್ತು, ಸೋಪು, ಚಹಾ ಪುಡಿ, ಚಿಪ್ಸ್, ಟೂತ್‌ಪೇಸ್ಟ್‌ಗಳಿಗೆ ಇದೇ ಆದರೆ ಯಾರೂ ಹೇಳುವುದಿಲ್ಲ. ಹೊದಿಕೆಯ ಬಣ್ಣ ಅದೇ, ಚಿತ್ರ ಅದೇ, ಅಂಗಡಿಯಲ್ಲಿ ಇಟ್ಟಿರುವ ಜಾಗ ಕೂಡ ಅದೇ. ಒಳಗೆ ಹತ್ತು ಗ್ರಾಂ, ಇಪ್ಪತ್ತು ಗ್ರಾಂ ಕಡಿಮೆ. ಇದನ್ನು ಈಗ ಎಲ್ಲೆಡೆ ಶ್ರಿಂಕ್‌ಫ್ಲೇಷನ್ ಎಂದು ಕರೆಯುತ್ತಾರೆ. ಹೆಸರು ಏನೇ ಇರಲಿ, ಇದು ಬೆಲೆ ಏರಿಕೆಯೇ. ತಿಂಗಳ ದಿನಸಿಗೆ ಇಂತಿಷ್ಟು ಎಂದು ಹಣ ಎತ್ತಿಡುವ ಮನೆಗೆ ಇದು ನೇರವಾಗಿ ತಟ್ಟುತ್ತದೆ, ಮತ್ತು ಎಲ್ಲಿ ತಟ್ಟಿತು ಎಂದು ತಿಳಿಯುವುದಿಲ್ಲ.

ಮೊದಲು ಒಂದು ಲೆಕ್ಕ. ಅಳತೆಯಲ್ಲಿ ನೂರಕ್ಕೆ ಹತ್ತು ಕಡಿಮೆಯಾದರೆ ಬೆಲೆ ನೂರಕ್ಕೆ ಹತ್ತು ಏರಿದಂತೆ ಅಂದುಕೊಳ್ಳುತ್ತೇವೆ. ಅದಕ್ಕಿಂತ ಜಾಸ್ತಿ ಏರಿರುತ್ತದೆ. 50 ರೂಪಾಯಿಗೆ 900 ಮಿಲಿ ಎಂದರೆ ಲೀಟರಿಗೆ 55 ರೂಪಾಯಿ 56 ಪೈಸೆ, ಅಂದರೆ ಶೇ 11ರ ಏರಿಕೆ. ಕಡಿತ ದೊಡ್ಡದಾದಷ್ಟೂ ಈ ಅಂತರ ಹಿಗ್ಗುತ್ತದೆ. 2022ರಲ್ಲಿ ವರದಿಯಾದ ಎರಡು ಉದಾಹರಣೆ ನೋಡಿ. ಹತ್ತು ರೂಪಾಯಿಯ ವಿಮ್ ಬಾರ್ 155 ಗ್ರಾಂನಿಂದ 135 ಗ್ರಾಂಗೆ ಇಳಿಯಿತು. ಹತ್ತು ರೂಪಾಯಿಯ ಹಲ್ದಿರಾಮ್ಸ್ ಆಲೂ ಭುಜಿಯಾ 55 ಗ್ರಾಂನಿಂದ 42ಕ್ಕೆ ಬಂತು. ಭುಜಿಯಾದಲ್ಲಿ ಹೋದದ್ದು ಶೇ 24ರಷ್ಟು, ಆದರೆ ಗ್ರಾಂ ಲೆಕ್ಕದಲ್ಲಿ ಬೆಲೆ ಏರಿದ್ದು ಶೇ 31. ಹತ್ತು ರೂಪಾಯಿಯ ಪೊಟ್ಟಣಕ್ಕೆ 13 ರೂಪಾಯಿ ಎಂದು ಒಮ್ಮೆಗೇ ಬರೆದಿದ್ದರೆ ಅಂಗಡಿಯವನ ಎದುರೇ ಜನ ಕೇಳುತ್ತಿದ್ದರು.

ಕಂಪನಿಗಳು ಹೀಗೇಕೆ ಮಾಡುತ್ತವೆ ಎಂಬುದು ಆ ಹತ್ತು ರೂಪಾಯಿಯಲ್ಲೇ ಇದೆ. ನಮ್ಮಲ್ಲಿ ಬಿಸ್ಕತ್ತು, ಶಾಂಪೂ, ಕುರುಕಲು ತಿಂಡಿ ಬಹಳಷ್ಟು ಮಾರಾಟವಾಗುವುದು 5, 10, 20 ರೂಪಾಯಿಯ ಪೊಟ್ಟಣಗಳಲ್ಲಿ. ಕೈಗೆ ಸಿಗುವ ನಾಣ್ಯ, ನೋಟಿಗೆ ಅವು ಹೊಂದುತ್ತವೆ. ಹತ್ತನ್ನು ಹನ್ನೊಂದು ಮಾಡಿದರೆ ಚಿಲ್ಲರೆಯ ತಕರಾರು ಶುರುವಾಗುತ್ತದೆ, ಗಿರಾಕಿ ಪಕ್ಕದ ಪೊಟ್ಟಣಕ್ಕೆ ಕೈ ಹಾಕುತ್ತಾನೆ. ಹಾಗಾಗಿ ಬೆಲೆಯನ್ನು ಮುಟ್ಟದೆ ತೂಕ ಇಳಿಸುತ್ತಾರೆ. 2022ರಲ್ಲಿ ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ, ಇಂಡೊನೇಷ್ಯಾ ಕೆಲವು ವಾರ ರಫ್ತು ನಿಲ್ಲಿಸಿದ್ದರಿಂದ ತಾಳೆ ಎಣ್ಣೆ ತುಟ್ಟಿಯಾದಾಗ ತಯಾರಿಕೆಯ ಖರ್ಚು ಏರಿದ್ದು ನಿಜ. ಆ ಖರ್ಚನ್ನು ಕೊಳ್ಳುವವರ ಮೇಲೆ ಹಾಕುವುದು ವ್ಯಾಪಾರದಲ್ಲಿ ಇದ್ದದ್ದೇ. ಹಾಕಿದ್ದನ್ನು ಹೇಳದೆ ಇರುವುದು ಸರಿಯಲ್ಲ ಎಂಬುದು ನನ್ನ ತಕರಾರು.

ತೂಕ ಹೆಚ್ಚಾಗಬೇಕಾದ ಸಂದರ್ಭವೂ ಒಂದು ಬಂತು. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಸ್ನಾನದ ಸೋಪು, ಶಾಂಪೂ, ಟೂತ್‌ಪೇಸ್ಟ್‌ಗಳ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿಯಿತು. ಸಣ್ಣ ಪೊಟ್ಟಣಗಳ ಬೆಲೆ ಇಳಿಸುವ ಬದಲು ತೂಕ ಹೆಚ್ಚಿಸುತ್ತೇವೆ ಎಂದು ಹಲವು ಕಂಪನಿಗಳು ಹೇಳಿದವು. ತೆರಿಗೆಯ ಪೂರ್ತಿ ಲಾಭ ಗಿರಾಕಿಗೆ ಸಿಗಬೇಕಾದರೆ, ಹತ್ತು ರೂಪಾಯಿಗೆ 80 ಗ್ರಾಂ ಇದ್ದ ಬಿಸ್ಕತ್ತು ಹೆಚ್ಚುಕಡಿಮೆ 90 ಗ್ರಾಂ ಆಗಬೇಕು. ನೀವು ಸದಾ ಕೊಳ್ಳುವ ಬಿಸ್ಕತ್ತಿನ ಹಳೆಯ ಹೊದಿಕೆ ಎಲ್ಲಾದರೂ ಸಿಕ್ಕರೆ ಹೊಸದರ ಪಕ್ಕ ಇಟ್ಟು ನೋಡಿ.

ಕಾನೂನು ಏನು ಹೇಳುತ್ತದೆ

ತೂಕ ಇಳಿಸಿ, ಇಳಿಸಿದ ತೂಕವನ್ನೇ ಪೊಟ್ಟಣದ ಮೇಲೆ ಸರಿಯಾಗಿ ಬರೆದರೆ ಅದು ಅಪರಾಧವಲ್ಲ. ಇದನ್ನು ಮೊದಲು ತಿಳಿದಿರಬೇಕು, ಇಲ್ಲದಿದ್ದರೆ ದೂರು ಕೊಡಲು ಹೋಗಿ ಬರಿಗೈಯಲ್ಲಿ ಬರುತ್ತೀರಿ.

ಪೊಟ್ಟಣ ಕಟ್ಟಿ ಮಾರುವ ಸರಕುಗಳಿಗೆ ಇರುವುದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಮತ್ತು ಅದರಡಿಯ 2011ರ ನಿಯಮಗಳು. ಆ ನಿಯಮಗಳಿಗೆ ಎರಡನೇ ಅನುಸೂಚಿ ಎಂಬ ಪಟ್ಟಿಯೊಂದಿತ್ತು. ಬಿಸ್ಕತ್ತು, ಬ್ರೆಡ್, ಬೆಣ್ಣೆ, ಬೇಳೆಕಾಳು, ಕಾಫಿ, ಚಹಾ, ಅಡುಗೆ ಎಣ್ಣೆ, ಹಾಲಿನ ಪುಡಿ, ಹಿಟ್ಟು, ರವೆ, ಉಪ್ಪು, ಸೋಪು ಹೀಗೆ 19 ಬಗೆಯ ಸರಕನ್ನು ಯಾವ ಯಾವ ತೂಕದಲ್ಲಿ ಕಟ್ಟಬೇಕೆಂದು ಅದು ಹೇಳುತ್ತಿತ್ತು. 100, 200, 250, 500 ಗ್ರಾಂ ಎಂಬ ದುಂಡು ಅಂಕಿಗಳು ನಮ್ಮ ಕಣ್ಣಿಗೆ ರೂಢಿಯಾದದ್ದರಲ್ಲಿ ಇಂಥ ನಿಯಮಗಳ ಪಾಲು ದೊಡ್ಡದು. ತೀರಾ ಸಣ್ಣ ಬೆಲೆಯ ಪೊಟ್ಟಣಗಳಿಗೆ ಆಗಲೂ ವಿನಾಯಿತಿ ಇತ್ತು. 2021ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಈಗ ಕಂಪನಿ 435 ಗ್ರಾಂ ಕಟ್ಟಬಹುದು, 870 ಗ್ರಾಂ ಕಟ್ಟಬಹುದು, ಕೇಳುವಂತಿಲ್ಲ.

ಅದೇ ತಿದ್ದುಪಡಿ ನಮಗೆ ಒಂದು ಆಯುಧವನ್ನೂ ಕೊಟ್ಟಿತು. ಪ್ರತಿ ಗ್ರಾಂಗೆ ಅಥವಾ ಪ್ರತಿ ಕಿಲೋಗೆ ಬೆಲೆ ಎಷ್ಟು ಬೀಳುತ್ತದೆ ಎಂಬುದನ್ನು ಪೊಟ್ಟಣದ ಮೇಲೆಯೇ ಮುದ್ರಿಸಬೇಕು. ಜಾರಿಯ ದಿನಾಂಕ ಮುಂದೆ ಮುಂದೆ ಹೋಗಿ, ಕೊನೆಗೂ ಇದು ಕಡ್ಡಾಯವಾಗಿದೆ. ತೂಕದ ಸ್ವಾತಂತ್ರ್ಯವನ್ನು ಕಂಪನಿಗಳು ಪೂರ್ತಿ ಬಳಸಿಕೊಂಡಿವೆ. ಬದಲಿಗೆ ನಮಗೆ ಸಿಕ್ಕ ಈ ಅಂಕಿಯನ್ನು ನಾವು ನೋಡುವುದೇ ಅಪರೂಪ. ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ: ಪೊಟ್ಟಣದ ಬೆಲೆ ಬಿಟ್ಟು ಕಿಲೋ ಬೆಲೆಯನ್ನು ನೋಡಿ ಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ.

ಆ ಅಂಕಿ ಎಲ್ಲಿರುತ್ತದೆ, ಹೇಗೆ ಓದುವುದು

ಪೊಟ್ಟಣ ತಿರುಗಿಸಿ. ಎಂಆರ್‌ಪಿ, ತಯಾರಾದ ತಿಂಗಳು, ಬ್ಯಾಚ್ ಸಂಖ್ಯೆಗಳನ್ನು ಸಣ್ಣ ಚುಕ್ಕಿಯಕ್ಷರಗಳಲ್ಲಿ ಒತ್ತಿರುತ್ತಾರಲ್ಲ, ಅಲ್ಲೇ ಯುಎಸ್‌ಪಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿರುತ್ತವೆ. ಅದರ ಮುಂದೆ 0.45 ಎಂದಿದ್ದರೆ ಒಂದು ಗ್ರಾಂಗೆ 45 ಪೈಸೆ. ಸಾವಿರದಿಂದ ಗುಣಿಸಿದರೆ ಕಿಲೋಗೆ 450 ರೂಪಾಯಿ. ಪ್ಲಾಸ್ಟಿಕ್ ಹೊದಿಕೆಯ ಮಡಿಕೆಯಲ್ಲಿ ಈ ಸಾಲು ಅಳಿಸಿದಂತೆ ಕಾಣುವುದುಂಟು. ಕನ್ನಡಕ ಹಾಕುವವರು ಅಂಗಡಿಗೆ ಅದನ್ನು ಮರೆಯದೆ ಒಯ್ಯಿರಿ, ಇಲ್ಲವೇ ಫೋನಿನ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿ. ಈ ವಿವರಗಳನ್ನು ಹಿಂದಿ ಅಥವಾ ಇಂಗ್ಲಿಷಿನಲ್ಲಿ ಕೊಟ್ಟರೆ ಸಾಕೆಂಬುದು ನಿಯಮ. ಕನ್ನಡದಲ್ಲಿ ಕೊಡಲು ಅಡ್ಡಿಯಿಲ್ಲ, ಆದರೆ ಕಡ್ಡಾಯವಿಲ್ಲ. ನಮ್ಮ ಊರುಗಳಲ್ಲಿ ದಿನಸಿ ತರುವ ಎಷ್ಟೋ ತಾಯಂದಿರಿಗೆ ಇದರಿಂದಲೇ ಈ ಸಾಲು ಇದ್ದೂ ಇಲ್ಲದಂತಾಗಿದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರಿಗೆ ಈ ಕೆಲಸ ಒಪ್ಪಿಸಿ.

ಈ ಅಂಕಿಯಲ್ಲಿ ಮೂರು ತೊಡಕುಗಳಿವೆ. ಮೊದಲನೆಯದು, ಒಂದು ಕಿಲೋಗಿಂತ ಕಡಿಮೆ ಇರುವ ಪೊಟ್ಟಣಕ್ಕೆ ಗ್ರಾಂ ಲೆಕ್ಕ, ಮೇಲಿನದಕ್ಕೆ ಕಿಲೋ ಲೆಕ್ಕ. ಹಾಗಾಗಿ ಅರ್ಧ ಕಿಲೋ ಚೀಲದ ಮೇಲೆ 0.09 ಎಂದೂ ಐದು ಕಿಲೋ ಚೀಲದ ಮೇಲೆ 82 ಎಂದೂ ಇರುತ್ತದೆ. ಒಂದನ್ನು ಇನ್ನೊಂದಕ್ಕೆ ತಂದುಕೊಂಡೇ ಹೋಲಿಸಬೇಕು.

ಎರಡನೆಯದು ಇದಕ್ಕಿಂತ ಸೂಕ್ಷ್ಮ. ಅಂಕಿಯನ್ನು ಎರಡು ದಶಮಾಂಶಕ್ಕೆ ಸರಿಹೊಂದಿಸಿ ಮುದ್ರಿಸುತ್ತಾರೆ. ಅಗ್ಗದ ಸರಕಿನಲ್ಲಿ ಇದರಿಂದ ವ್ಯತ್ಯಾಸವೇ ಮುಚ್ಚಿಹೋಗುತ್ತದೆ. ಅರ್ಧ ಕಿಲೋ ರವೆ ಒಂದು ಕಂಪನಿಯದು 24 ರೂಪಾಯಿ, ಇನ್ನೊಂದರದು 27 ರೂಪಾಯಿ ಅಂದುಕೊಳ್ಳಿ. ಮೊದಲನೆಯದು ಗ್ರಾಂಗೆ 0.048, ಎರಡನೆಯದು 0.054. ಎರಡರ ಮೇಲೂ 0.05 ಎಂದೇ ಬರುತ್ತದೆ. ಕಿಲೋಗೆ ಆರು ರೂಪಾಯಿ ವ್ಯತ್ಯಾಸ ಪೊಟ್ಟಣದ ಮೇಲೆ ಕಾಣುವುದೇ ಇಲ್ಲ. ಗ್ರಾಂ ಬದಲು 100 ಗ್ರಾಂಗೆ ಬೆಲೆ ಮುದ್ರಿಸಿ ಎಂದು ನಿಯಮ ಮಾಡಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಸರ್ಕಾರ ಇದನ್ನು ತಿದ್ದಬೇಕು. ಅಲ್ಲಿಯವರೆಗೆ ರವೆ, ಹಿಟ್ಟು, ಅವಲಕ್ಕಿ, ಉಪ್ಪು, ಸಕ್ಕರೆಯಂಥವಕ್ಕೆ ನಮ್ಮದೇ ಲೆಕ್ಕ ಹಾಕಬೇಕು.

ಮೂರನೆಯದು, ಆ ಅಂಕಿ ಎಂಆರ್‌ಪಿ ಮೇಲೆ ಹಾಕಿದ್ದು. ಅಂಗಡಿಯವರು ರಿಯಾಯಿತಿ ಕೊಟ್ಟರೆ ನೀವು ನಿಜವಾಗಿ ಕೊಡುವ ಬೆಲೆಗೆ ಅದು ಹೊಂದುವುದಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲೂ ಆ್ಯಪ್‌ಗಳಲ್ಲೂ ಇದು ಹೆಚ್ಚು.

ನಮ್ಮ ಲೆಕ್ಕ ಸುಲಭ. ರೂಪಾಯಿಯನ್ನು ಗ್ರಾಂನಿಂದ ಭಾಗಿಸಿ ಸಾವಿರದಿಂದ ಗುಣಿಸಿ. 250 ಗ್ರಾಂ ಚಹಾ ಪುಡಿಗೆ 140 ರೂಪಾಯಿ, ಪಕ್ಕದಲ್ಲಿ 230 ಗ್ರಾಂಗೆ 135 ರೂಪಾಯಿ ಇದೆ ಎನ್ನಿ. ಕೈ ಸಹಜವಾಗಿ 135ರ ಕಡೆ ಹೋಗುತ್ತದೆ. ಮೊದಲನೆಯದು ಕಿಲೋಗೆ 560 ಬೀಳುತ್ತದೆ, ಎರಡನೆಯದು 587.

ದೊಡ್ಡದು ಯಾವಾಗಲೂ ಅಗ್ಗವಲ್ಲ

ದೊಡ್ಡ ಪ್ಯಾಕ್ ತಂದರೆ ಉಳಿತಾಯ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. 2023ರ ಆ ಕೆನೆ ಹಾಲಿಗೇ ಮತ್ತೆ ಬನ್ನಿ. 900 ಮಿಲಿಯ ಪ್ಯಾಕೆಟ್ 50 ರೂಪಾಯಿ, 450 ಮಿಲಿಯ ಎರಡು ಪ್ಯಾಕೆಟ್ 48 ರೂಪಾಯಿ. ಚಿಕ್ಕದು ಎರಡು ತಂದವರಿಗೆ ಎರಡು ರೂಪಾಯಿ ಉಳಿಯುತ್ತಿತ್ತು.

ನಂದಿನಿಯ ನೀಲಿ ಪ್ಯಾಕೆಟ್ಟಿನ ಕಥೆ ಇನ್ನೂ ಸ್ವಾರಸ್ಯದ್ದು. 2024ರ ಜೂನ್ ಕೊನೆಯಲ್ಲಿ ಪ್ರತಿ ಪ್ಯಾಕೆಟ್‌ಗೆ 50 ಮಿಲಿ ಹೆಚ್ಚು ಹಾಲು ಸೇರಿಸಿ ಎರಡು ರೂಪಾಯಿ ಏರಿಸಿದರು. 22 ರೂಪಾಯಿಯ ಅರ್ಧ ಲೀಟರ್, 24 ರೂಪಾಯಿಯ 550 ಮಿಲಿ ಆಯಿತು. ಲೀಟರಿಗೆ ಲೆಕ್ಕ ಹಾಕಿದರೆ 44 ರೂಪಾಯಿಯಿಂದ 43 ರೂಪಾಯಿ 64 ಪೈಸೆಗೆ ಇಳಿದಿತ್ತು. ಬೇಡದಿದ್ದರೂ ಹೆಚ್ಚಿನ ಹಾಲಿಗೆ ದುಡ್ಡು ಕೊಡಬೇಕೆಂಬ ಅಸಮಾಧಾನ ಇತ್ತಾದರೂ ದರ ಏರಿರಲಿಲ್ಲ. 2025ರ ಏಪ್ರಿಲ್ 1ರಿಂದ ಲೀಟರಿಗೆ ನಾಲ್ಕು ರೂಪಾಯಿ ಏರಿಸಿ, ಹೆಚ್ಚುವರಿ 50 ಮಿಲಿಯನ್ನು ವಾಪಸ್ ತೆಗೆದರು. ಅರ್ಧ ಲೀಟರಿನ ಪ್ಯಾಕೆಟ್ ಮೇಲೆ ಆಗಲೂ 24 ರೂಪಾಯಿಯೇ. ಆದರೆ ಲೀಟರಿಗೆ ಬಿದ್ದದ್ದು 48 ರೂಪಾಯಿ, ಅಂದರೆ ಹಿಂದಿನ ದಿನಕ್ಕಿಂತ ಶೇ 10 ಹೆಚ್ಚು. ಏರಿಸಿದ ನಾಲ್ಕು ರೂಪಾಯಿ ಹಾಲು ಹಾಕುವ ರೈತರಿಗೆ ಹೋಗುತ್ತದೆ ಎಂದು ಸರ್ಕಾರ ಹೇಳಿತು, ಏರಿಕೆಯನ್ನು ಬಹಿರಂಗವಾಗಿ ಪ್ರಕಟಿಸಿತು ಕೂಡ. ಮೇವು, ಹಿಂಡಿಯ ಬೆಲೆ ಕಂಡವರು ರೈತರಿಗೆ ಆ ಹಣ ಬೇಡವೆನ್ನಲಾರರು. ಆದರೂ ಪ್ಯಾಕೆಟ್ಟಿನ ಮೇಲಿನ ಅಂಕಿಯೊಂದನ್ನೇ ನೋಡುವವರಿಗೆ ಆ ಬೆಳಿಗ್ಗೆ ಏನೂ ಆಗಿಲ್ಲವೆಂದೇ ಅನಿಸಿರಬೇಕು.

ಅಡುಗೆ ಎಣ್ಣೆ ಕೊಳ್ಳುವಾಗ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕು, ಏಕೆಂದರೆ ಅಲ್ಲಿ ಎರಡು ಅಳತೆಗಳು ಒಟ್ಟಿಗೆ ಓಡಾಡುತ್ತವೆ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. 15 ಲೀಟರಿನ ಟಿನ್ ಮತ್ತು 15 ಕಿಲೋದ ಟಿನ್ ನೋಡಲು ಅಕ್ಕತಂಗಿಯರಂತೆ ಇರುತ್ತವೆ, ಒಳಗೆ ಒಂದೂಕಾಲು ಕಿಲೋಗೂ ಹೆಚ್ಚು ವ್ಯತ್ಯಾಸ. ಮದುವೆ, ಗೃಹಪ್ರವೇಶಕ್ಕೆ ಟಿನ್ ತರಿಸುವವರು ಇದನ್ನು ಮೊದಲೇ ಕೇಳಿಕೊಳ್ಳಬೇಕು. ಪೌಚ್‌ಗಳಲ್ಲಿ ಒಂದು ಲೀಟರಿನಷ್ಟೇ ಉಬ್ಬಿ ಕಾಣುತ್ತ 850 ಗ್ರಾಂ, 800 ಗ್ರಾಂ ಇರುವವೂ ಬಂದಿವೆ. ಎಣ್ಣೆ ಬಿಸಿಯಾದರೆ ಹಿಗ್ಗುವುದರಿಂದ ಇನ್ನೊಂದು ದಾರಿಯೂ ಇತ್ತು. ಹೆಚ್ಚಿನ ಉಷ್ಣಾಂಶದಲ್ಲಿ ಒಂದು ಲೀಟರ್ ಎಂದು ಬರೆದು ಕಡಿಮೆ ತೂಕ ತುಂಬುವುದು. ಸೋಯಾ ಎಣ್ಣೆ 21 ಡಿಗ್ರಿಯಲ್ಲಿ ಲೀಟರಿಗೆ 919 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ 892.6 ಗ್ರಾಂ ಮಾತ್ರ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೇ ತಿಳಿಸಿತು. ಉಷ್ಣಾಂಶದ ಉಲ್ಲೇಖ ಬಿಟ್ಟು ತೂಕವನ್ನೂ ಸರಿಯಾಗಿ ಬರೆಯುವಂತೆ ಸೂಚಿಸಿ, 2023ರ ಜನವರಿ 15ರವರೆಗೆ ಗಡುವು ಕೊಟ್ಟಿತು. ಎಣ್ಣೆಯನ್ನು ಯಾವತ್ತೂ ಗ್ರಾಂನಲ್ಲಿ ಹೋಲಿಸಿ.

ತೂಕ ಅಷ್ಟೇ ಇದ್ದು ಗುಣ ಇಳಿಯುವುದೂ ಇದೆ, ಅದನ್ನು ಯಾವ ಕಿಲೋ ಲೆಕ್ಕವೂ ತೋರಿಸುವುದಿಲ್ಲ. ನಮ್ಮ ಫಿಲ್ಟರ್ ಕಾಫಿ ಪುಡಿಯನ್ನೇ ತೆಗೆದುಕೊಳ್ಳಿ. ಚಿಕೋರಿ ಬೆರೆತಿದ್ದರೆ ಕಾಫಿ ಶೇಕಡಾ ಎಷ್ಟು, ಚಿಕೋರಿ ಎಷ್ಟು ಎಂದು ಪೊಟ್ಟಣದ ಮೇಲೆ ಬರೆಯಲೇಬೇಕು, ಚಿಕೋರಿ ಶೇ 49 ಮೀರುವಂತಿಲ್ಲ. ಬೆಲೆಯೂ ತೂಕವೂ ಬದಲಾಗದೆ 80:20 ಇದ್ದದ್ದು 60:40 ಆದರೆ ನೀವು ಕಾಫಿಯ ಕಾಲು ಭಾಗ ಕಳೆದುಕೊಂಡಿರಿ. ಸ್ನಾನದ ಸೋಪಿನಲ್ಲಿ ಟಿಎಫ್‌ಎಂ, ಅಂದರೆ ಒಟ್ಟು ಕೊಬ್ಬಿನಂಶ, ಎಂದು ಬರೆದ ಶೇಕಡಾವಾರು ನೋಡಿ. ಶೇ 76 ಅಥವಾ ಹೆಚ್ಚಿದ್ದರೆ ಮೊದಲ ದರ್ಜೆ. ಐಸ್‌ಕ್ರೀಮ್ ಡಬ್ಬಿಯ ಮೇಲೆ ಫ್ರೋಜನ್ ಡೆಸರ್ಟ್ ಎಂದಿದ್ದರೆ ಹಾಲಿನ ಕೊಬ್ಬಿನ ಜಾಗದಲ್ಲಿ ಬೇರೆ ಎಣ್ಣೆ ಇದೆ ಎಂದು ತಿಳಿಯಿರಿ.

ದಿನಸಿ ಚೀಟಿಯನ್ನು ಬದಲಿಸಿ

ತಿಂಗಳ ಮೊದಲ ವಾರ ಬರೆಯುವ ಚೀಟಿಯಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: ಚಹಾ ಪುಡಿ 2, ಸೋಪು 4, ಶಾವಿಗೆ 3, ಪಾತ್ರೆ ಸೋಪು 5. ಪೊಟ್ಟಣ ಎಣಿಸುವ ಈ ರೂಢಿಯಿಂದಲೇ ನಾವು ಹಗುರವಾದ ಪೊಟ್ಟಣವನ್ನು ಗಮನಿಸದೆ ಹೋಗುತ್ತೇವೆ. ಇಪ್ಪತ್ತೈದನೇ ತಾರೀಖಿಗೇ ಚಹಾ ಪುಡಿ ಮುಗಿದರೆ ಯಾರೋ ಜಾಸ್ತಿ ಹಾಕಿದರು ಎಂದು ಮನೆಯವರ ಮೇಲೇ ರೇಗುತ್ತೇವೆ. ಚೀಟಿಯಲ್ಲಿ ‘ಚಹಾ ಪುಡಿ ಅರ್ಧ ಕಿಲೋ, ಸ್ನಾನದ ಸೋಪು 500 ಗ್ರಾಂ, ಶಾವಿಗೆ 600 ಗ್ರಾಂ’ ಎಂದು ಬರೆಯತೊಡಗಿ. ಪಕ್ಕದಲ್ಲಿ ಕಿಲೋ ಬೆಲೆ ಗುರುತು ಹಾಕಿ. ಎಲ್ಲ ಸಾಮಾನಿಗೂ ಬೇಕಿಲ್ಲ, ಖರ್ಚು ಹೆಚ್ಚು ಬೀಳುವ ಎಂಟು ಹತ್ತು ಸಾಮಾನಿಗೆ ಸಾಕು. ಮೂರು ನಾಲ್ಕು ತಿಂಗಳ ಚೀಟಿ ಒಟ್ಟಿಗೆ ಇಟ್ಟರೆ ಯಾರು ಎಷ್ಟು ಕತ್ತರಿಸಿದರು ಎಂಬುದು ತಾನೇ ಕಾಣುತ್ತದೆ.

ಅಡುಗೆಯಲ್ಲೂ ಹೀಗೇ. ‘ಒಂದು ಪ್ಯಾಕೆಟ್ ಶಾವಿಗೆಗೆ ಒಂದು ಲೀಟರ್ ಹಾಲು’ ಎಂದು ಕಲಿತವರ ಪಾಯಸ ನೀರಾದರೆ, ಮೊದಲು ಪ್ಯಾಕೆಟ್ಟಿನ ತೂಕ ನೋಡಿ.

‘ಶೇ 20 ಹೆಚ್ಚು’ ಎಂಬ ಹಳದಿ ಪಟ್ಟಿ ಕಂಡರೆ, ಯಾವುದಕ್ಕಿಂತ ಹೆಚ್ಚು ಎಂದು ಕೇಳಿಕೊಳ್ಳಿ. ನಾಲ್ಕು ಕೊಂಡರೆ ಒಂದು ಉಚಿತ ಎಂಬ ಸೋಪಿನ ಕಟ್ಟಿನಲ್ಲಿ ಪ್ರತಿ ಸೋಪೂ ಬಿಡಿ ಸೋಪಿಗಿಂತ ಚಿಕ್ಕದಿರಬಹುದು, ಕಟ್ಟಿನ ಒಟ್ಟು ಗ್ರಾಂ ನೋಡಿಯೇ ಲೆಕ್ಕ ಹಾಕಿ. ಬೇಳೆ, ಅಕ್ಕಿ, ಸಕ್ಕರೆ, ಮೆಣಸಿನಕಾಯಿ ಇಂಥವನ್ನು ನಂಬಿಕೆಯ ಅಂಗಡಿಯಲ್ಲಿ ಬಿಡಿಯಾಗಿ ತೂಗಿಸಿ ತರುವುದು ಇಂದಿಗೂ ಒಳ್ಳೆಯ ದಾರಿ. ಅಲ್ಲಿ ಕಿಲೋ ಬೆಲೆಯನ್ನೇ ಹೇಳುತ್ತಾರೆ, ಯಾವ ಭಾಗಾಕಾರವೂ ಬೇಕಿಲ್ಲ. ತಕ್ಕಡಿಗೆ ಇಲಾಖೆಯ ಮುದ್ರೆ ಬಿದ್ದಿದೆಯೇ ಎಂದು ಮಾತ್ರ ನೋಡಿ.

ನಾವು ಮಾಡಬಹುದಾದದ್ದು ಇಷ್ಟು, ಸರ್ಕಾರ ಮಾಡಬೇಕಾದದ್ದೂ ಇದೆ. ಫ್ರಾನ್ಸಿನಲ್ಲಿ 2024ರ ಜುಲೈನಿಂದ ಒಂದು ನಿಯಮ ಇದೆ. ಬೆಲೆ ಇಳಿಸದೆ ತೂಕ ಇಳಿಸಿದ ಸರಕಿನ ಹತ್ತಿರ, ಇಷ್ಟು ಕಡಿಮೆಯಾಗಿದೆ, ದರ ಇಷ್ಟು ಏರಿದೆ ಎಂದು ದೊಡ್ಡ ಅಂಗಡಿಗಳು ಎರಡು ತಿಂಗಳು ಫಲಕ ಹಾಕಬೇಕು. ನಿಗದಿತ ತೂಕಗಳ ಪಟ್ಟಿಯನ್ನು ತೆಗೆದುಹಾಕಿದ ನಮ್ಮಲ್ಲಿ ಇಂಥ ನಿಯಮ ಅವರಿಗಿಂತ ಹೆಚ್ಚು ಅಗತ್ಯ. ಪಟ್ಟಿ ತೆಗೆದ ದಿನವೇ ಇದನ್ನೂ ತರಬೇಕಿತ್ತು.

ದೂರು ಯಾವಾಗ, ಎಲ್ಲಿ

ಬರೆದ ತೂಕಕ್ಕಿಂತ ಒಳಗೆ ಕಡಿಮೆ ಇದ್ದರೆ ಮಾತು ಬೇರೆ, ಅದು ಅಪರಾಧ. ಯಂತ್ರದಲ್ಲಿ ತುಂಬುವಾಗ ಆಗುವ ಅಲ್ಪ ವ್ಯತ್ಯಾಸಕ್ಕೆ ನಿಯಮದಲ್ಲಿ ಅವಕಾಶವಿದೆ. 500 ಗ್ರಾಂನಿಂದ ಒಂದು ಕಿಲೋವರೆಗಿನ ಪೊಟ್ಟಣದಲ್ಲಿ 15 ಗ್ರಾಂವರೆಗೆ ಹೆಚ್ಚುಕಡಿಮೆ ಆಗಬಹುದು, ಆದರೆ ಪರೀಕ್ಷೆಗೆ ತೆಗೆದ ಪೊಟ್ಟಣಗಳ ಸರಾಸರಿ ಬರೆದ ತೂಕಕ್ಕಿಂತ ಕಡಿಮೆ ಇರಬಾರದು.

ಕೇರಳದ ತ್ರಿಶ್ಶೂರಿನ ಗ್ರಾಹಕರೊಬ್ಬರು ಬ್ರಿಟಾನಿಯಾದ 300 ಗ್ರಾಂ ಎಂದು ಬರೆದಿದ್ದ ಎರಡು ಬಿಸ್ಕತ್ತು ಪೊಟ್ಟಣ ತೂಗಿ ನೋಡಿದಾಗ ಒಂದು 268, ಇನ್ನೊಂದು 249 ಗ್ರಾಂ ಇತ್ತು. ಅವರು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಟ್ಟು, ಅಧಿಕಾರಿಗಳಿಂದ ತೂಕ ಖಚಿತಪಡಿಸಿಕೊಂಡು, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರು. 2024ರಲ್ಲಿ ಅವರಿಗೆ 50 ಸಾವಿರ ಪರಿಹಾರ, 10 ಸಾವಿರ ಖರ್ಚು ಕೊಡುವಂತೆ ಆದೇಶವಾಯಿತು. ಅವರು ಹಿಡಿದ ಕ್ರಮವೇ ನಮಗೂ ಮಾದರಿ. ಅನುಮಾನ ಬಂದರೆ ಪೊಟ್ಟಣ ಒಡೆಯಬೇಡಿ. ಹೊದಿಕೆ ಸಹಿತ ತೂಗಿದಾಗಲೇ ಬರೆದ ತೂಕಕ್ಕಿಂತ ಕಡಿಮೆ ಬಂದರೆ ನಿಮ್ಮ ವಾದಕ್ಕೆ ಬಲ ಹೆಚ್ಚು. ಬಿಲ್ಲು ಜೋಪಾನವಾಗಿಡಿ. ಬ್ಯಾಚ್ ಸಂಖ್ಯೆ ಕಾಣುವಂತೆ ಫೋಟೊ ತೆಗೆಯಿರಿ. ಅದೇ ಬ್ಯಾಚಿನ ಇನ್ನೊಂದು ಪೊಟ್ಟಣ ಸಿಕ್ಕರೆ ಅದನ್ನೂ ತೂಗಿ.

ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 8800001915 ಸಂಖ್ಯೆಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಸಹಿತ ದೂರು ಕಳಿಸಬಹುದು. ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಯ ಜಿಲ್ಲಾ ಕಚೇರಿಗೂ ಬರೆದುಕೊಡಬಹುದು. ಪರಿಹಾರ ಬೇಕೆಂದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕು. ಕೊಂಡ ಸರಕಿನ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ತೂಕ ಸರಿ ಇದ್ದರೂ, ಗ್ರಾಂ ಬೆಲೆ ಮುದ್ರಿಸಬೇಕಾದ ಪೊಟ್ಟಣದಲ್ಲಿ ಅದು ಇಲ್ಲದಿದ್ದರೆ ಅಥವಾ ಓದಲಾಗದಂತೆ ಒತ್ತಿದ್ದರೆ ಆ ಬಗ್ಗೆಯೂ ಇಲಾಖೆಗೆ ದೂರು ಕೊಡುವ ಹಕ್ಕು ನಿಮಗಿದೆ.